ಅಪ್ಪನಿಗೆ ಎಷ್ಟು ಲೀಟರ್ ನೀರು

"ನಿಮ್ಮ ತಂದೆ ತೂಕ ಎಷ್ಟು ಸರ್?" ಎಂದು ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದಾಗ ನಾನು ಅಮ್ಮನ ಕಡೆ ತಿರುಗಿದೆ. ಲಕ್ವ ಹೊಡೆದು ಗುಬ್ಬಿಯ ನಮ್ಮ ಮನೆಯಲ್ಲಿ ಒಂದು ವರ್ಷದಿಂದ ಮಲಗಿದ್ದ ಅಪ್ಪ, ಎರಡು ದಿನದಿಂದ ಕರೆದರೂ ಕಣ್ಣು ಬಿಡುತ್ತಿರಲಿಲ್ಲ. ರಕ್ತದಲ್ಲಿ ಸೋಡಿಯಂ ನೂರ ನಲವತ್ತರ ಆಸುಪಾಸು ಇರಬೇಕಂತೆ, ನೂರ ಅರವತ್ತೆಂಟು ಇತ್ತು. ಉಪ್ಪು ತಿಂದು ಹೆಚ್ಚಾದದ್ದಲ್ಲ, ಮೈಯಲ್ಲಿ ನೀರು ಬತ್ತಿದೆ ಎಂದರು.

ಉತ್ತರ ಕೊಟ್ಟವಳು ಅಮ್ಮ. "ಅರವತ್ತು ಕೇಜಿ ಕಣ್ರವ್ವ. ಯಡಿಯೂರಲ್ಲಿ ತುಲಾಭಾರ ಮಾಡಿಸ್ದಾಗ ಅರವತ್ತು ಕೇಜಿ ಬೆಲ್ಲ ಹಿಡೀತು."

ಡಾಕ್ಟರಮ್ಮ ಚೀಟಿಯ ಹಿಂದೆ ಬರೆದರು. ವಯಸ್ಸಾದ ಗಂಡಸಿನ ತೂಕದಲ್ಲಿ ಅರ್ಧ ನೀರು, ಅಂದರೆ ಮೂವತ್ತು ಲೀಟರ್. ನೂರ ಅರವತ್ತೆಂಟನ್ನು ನೂರ ನಲವತ್ತರಿಂದ ಭಾಗಿಸಿ ಒಂದು ಕಳೆದರೆ ಸೊನ್ನೆ ಬಿಂದು ಎರಡು. ಅದನ್ನು ಮೂವತ್ತರಿಂದ ಗುಣಿಸಿದರೆ ಆರು ಲೀಟರ್ ಕೊರತೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನಗೆ ಲೆಕ್ಕ ಅವರಿಗಿಂತ ಮೊದಲೇ ಬಂತು, ತಾಳ್ಮೆ ಬರಲಿಲ್ಲ. "ಹಾಗಾದ್ರೆ ಇವತ್ತೇ ಕೊಟ್ಟುಬಿಡಿ ಮೇಡಂ" ಎಂದೆ.

"ಒಂದೇ ಸಲ ಸುರಿದ್ರೆ ಮೆದುಳು ಊದ್ಕೊಳ್ಳುತ್ತೆ ಸರ್. ಎರಡು ಮೂರು ದಿನದಲ್ಲಿ ನಿಧಾನಕ್ಕೆ ಕೊಡ್ಬೇಕು."

ನೀರು ಕಮ್ಮಿಯಾದರೆ ಅಪ್ಪ ಏಳುವುದಿಲ್ಲ, ಹೆಚ್ಚು ನೀರು ಬೇಗ ಹೋದರೂ ಏಳುವುದಿಲ್ಲ. ಎಲ್ಲವೂ ಆ ಅರವತ್ತರ ಮೇಲೆ ನಿಂತಿತ್ತು. ಆ ಅರವತ್ತು ಹೇಗೆ ಬಂತೆಂದು ನನಗೆ ಗೊತ್ತಿತ್ತು. ತುಲಾಭಾರದ ದಿನ ತಕ್ಕಡಿ ಸಮನಾದ ಮೇಲೂ ದೇವರಿಗೆ ಕಮ್ಮಿ ಬೀಳಬಾರದೆಂದು ಅಮ್ಮ ಬೆಲ್ಲದ ಅಚ್ಚಿನ ಮೇಲೆ ಅಚ್ಚು ಪೇರಿಸಿದ್ದಳು. ಅದೂ ಅಪ್ಪ ಎರಡು ಮುದ್ದೆ ಉಣ್ಣುತ್ತಿದ್ದ ಕಾಲದಲ್ಲಿ. ನಾಚಿಕೆ ಬಿಟ್ಟು ಇದನ್ನು ಡಾಕ್ಟರಮ್ಮನಿಗೆ ಹೇಳಿದೆ.

ಡಾಕ್ಟರಮ್ಮ ನಗಲಿಲ್ಲ. "ಬೆಲ್ಲದ ತೂಕ ಬೇಡ. ಇವರನ್ನ ಎತ್ಕೊಂಡು ನೀವೇ ತಕ್ಕಡಿ ಮೇಲೆ ನಿಂತ್ಕೊಳ್ಳಿ" ಎಂದರು.

ಅಪ್ಪನನ್ನು ಎತ್ತಿಕೊಂಡದ್ದು ಅದೇ ಮೊದಲು. ಭಾರವಿರುತ್ತದೆಂದು ಸೊಂಟ ಬಿಗಿ ಹಿಡಿದವನು, ಎದ್ದ ರಭಸಕ್ಕೆ ಹಿಂದಕ್ಕೆ ವಾಲಿದೆ. ಇಬ್ಬರೂ ಸೇರಿ ನೂರ ಹದಿನೇಳು. ನಾನೊಬ್ಬನೇ ಎಪ್ಪತ್ತೆರಡು. ಅಪ್ಪ ನಲವತ್ತೈದು. ಆರು ಲೀಟರ್ ನಾಲ್ಕೂವರೆಗೆ ಇಳಿಯಿತು.

"ಮನೇಲಿ ಎಷ್ಟು ನೀರು ಕುಡೀತಿದ್ರು?" ಎಂದು ಡಾಕ್ಟರಮ್ಮ ಕೇಳಿದರು. ಅಮ್ಮ ನನ್ನ ಮುಖ ನೋಡಿದಳು. ಹೇಳಬೇಕಾದವನು ನಾನು. ಹಾಸಿಗೆ ಒದ್ದೆಯಾಗುತ್ತದೆ, ದಿನಾ ಒಗೆಯುವವರು ಯಾರು, ನೀರು ಕಮ್ಮಿ ಮಾಡು ಎಂದು ಅಮ್ಮನ ಮೇಲೆ ಹಾರಾಡಿದ್ದೆ. ಅಪ್ಪ ಅಲ್ಲೇ ಮಲಗಿದ್ದ. ಅವನಿಗೇನು ತಿಳಿಯುತ್ತದೆ ಎಂದುಕೊಂಡಿದ್ದೆ.

ಎರಡು ದಿನ ಆರಾರು ಗಂಟೆಗೊಮ್ಮೆ ರಕ್ತ ತೆಗೆದರು. ಪ್ರತಿ ಸಲ ರಿಪೋರ್ಟ್ ಬಂದಾಗ ಮೊದಲು ಸೋಡಿಯಂ ಹುಡುಕುತ್ತಿದ್ದೆ. ನೂರ ಅರವತ್ತೈದು, ಅರವತ್ತೆರಡು, ಐವತ್ತೊಂಬತ್ತು. ಬೇಗ ಇಳಿದರೂ ಭಯ, ಇಳಿಯದಿದ್ದರೂ ಭಯ.

ಮೂರನೇ ದಿನ ಬೆಳಿಗ್ಗೆ ನೂರ ನಲವತ್ತೊಂಬತ್ತು. ಅಪ್ಪ ಕಣ್ಣು ಬಿಟ್ಟು ನನ್ನನ್ನು ಗುರುತಿಸಿದ. ನನಗೆ ಅಳು ತಡೆಯಲಾಗಲಿಲ್ಲ. ನರ್ಸ್ ಬಂದು ಪರೀಕ್ಷಿಸಿ, ಕೂರಿಸಿಕೊಂಡು ಚಮಚದಲ್ಲಿ ನೀರು ಕೊಡಬಹುದು ಎಂದರು. ಒಂದು ಚಮಚ ನುಂಗಿದ. ಎರಡನೆಯದು ಬಾಯಿಯ ಹತ್ತಿರ ಹಿಡಿದರೆ, ತುಟಿ ಒಣಗಿ ಒಡೆದಿದ್ದರೂ ಮುಖ ತಿರುಗಿಸಿದ.

"ಸಾಕು ಬುಡ್ಲಾ" ಎಂದ ತೊದಲುತ್ತ. "ಹಾಸ್ಗೆ ಒದ್ದೆ ಆಯ್ತದೆ."