ಬಲವಂತದ ಓದು

ಮಕ್ಕಳೇ, ಆ ಮಂಗಳವಾರ ಸಂಜೆ ನಾನು ನಿಮ್ಮಪ್ಪನ ಮೇಲೆ ದನಿ ಎತ್ತಿದ್ದನ್ನು ನೀವು ಬಾಗಿಲಲ್ಲಿ ನಿಂತು ನೋಡಿದಿರಿ. ಅಜ್ಜಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬಹುದು. ಕೆಟ್ಟಿರಲಿಲ್ಲ. ನಿಮ್ಮಮ್ಮ ಇದನ್ನು ನಿಮಗೆ ಓದಿ ಹೇಳಲಿ, ಒಂದು ಸಾಲೂ ಬಿಡದೆ.

ಇಲ್ಲಿ ಈ ಪರದೇಶದ ಊರು ಮಿಲ್ಪಿಟಾಸ್‌ನಲ್ಲಿ ವಾರಕ್ಕೆರಡು ಮಧ್ಯಾಹ್ನ ನಾನು ಹಿರಿಯರ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತೇನೆ. ನನ್ನ ಒಂದು ಪಕ್ಕ ಚೀನಾದವರು, ಇನ್ನೊಂದು ಪಕ್ಕ ಜಪಾನಿನವರು, ಇಬ್ಬರೂ ನನ್ನ ವಯಸ್ಸಿನ ಹೆಂಗಸರು. ಆವತ್ತು ಟೀಚರು ‘ಓದು’ ಎಂಬುದನ್ನು ಅವರವರ ಭಾಷೆಯಲ್ಲಿ ಬರೆಯಲು ಹೇಳಿದರು. ಜಪಾನಿನವರು ಎರಡು ಅಕ್ಷರ ಬರೆದು ‘ಬೆನ್‌ಕ್ಯೋ’ ಎಂದರು. ಚೀನಾದವರು ನಕ್ಕುಬಿಟ್ಟರು. ಆ ಮಾತು ಅವರ ದೇಶದಿಂದಲೇ ಹೋದದ್ದಂತೆ. ಅವರಲ್ಲಿ ಈಗ ಅದಕ್ಕೆ ಮನಸ್ಸಿಲ್ಲದ್ದನ್ನು ಬಲವಂತಕ್ಕೆ ಮಾಡುವುದು ಎಂದರ್ಥ. ಜಪಾನಿನವರು ನಗಲಿಲ್ಲ. ಕಷ್ಟಪಟ್ಟು ದುಡಿಯುವುದು ಎಂದು ತಾವು ಅದನ್ನು ತೆಗೆದುಕೊಂಡದ್ದು, ಬರಬರುತ್ತ ಅದು ಪುಸ್ತಕದ ಮುಂದೆ ಕಷ್ಟಪಡುವುದು ಎಂದಾಯಿತು ಎಂದರು. ಒಂದು ಮಾತು ಸಮುದ್ರ ದಾಟಿ ಹೀಗೆ ಬದಲಾಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಮನೆಗೆ ಬಂದು ಖುಷಿಯಿಂದ ನಿಮ್ಮಮ್ಮನಿಗೆ ಹೇಳಿದೆ.

ಸೋಫಾದಲ್ಲಿದ್ದ ನಿಮ್ಮಪ್ಪ ನಕ್ಕರು. “ಚೀನಾದೋರೇ ಕರೆಕ್ಟು ಅತ್ತೆ. ಈ ವಯಸ್ಸಲ್ಲಿ ಯಾಕೆ ಬಲವಂತದ ಓದು? ಮುಂದಿನ ವಾರದಿಂದ ಪಾಪೂನ ಡೇಕೇರಿಂದ ಮಧ್ಯಾಹ್ನಾನೇ ಕರ್ಕೊಂಬರ್ತೀವಿ. ನೀವು ಮನೇಲಿದ್ರೆ ಸಾಕು.”

“ನಾನೇ ಹೇಳೋಣ ಅಂತಿದ್ದೆ ಅಮ್ಮ. ನೀನಿನ್ನು ಕ್ಲಾಸಿಗೆ ಬರಲ್ಲ ಅಂತ ಟೀಚರಿಗೆ ಇಮೇಲು ಹಾಕ್ಬಿಟ್ಟಿದೀನಿ,” ಎಂದಳು ನಿಮ್ಮಮ್ಮ.

ನನ್ನನ್ನು ಒಂದು ಮಾತು ಕೇಳದೆ. ಮಂಡ್ಯದ ಕಡೆಯ ನಮ್ಮೂರಿನಲ್ಲಿ ನನಗೆ ಏಳನೇ ಕ್ಲಾಸು ಮುಗಿದಾಗ ನಮ್ಮಪ್ಪನೂ ಕೇಳದೆಯೇ, ಇನ್ನು ಇವಳು ಶಾಲೆಗೆ ಬರುವುದಿಲ್ಲವೆಂದು ಮೇಷ್ಟರಿಗೆ ಹೇಳಿ ಬಂದಿದ್ದರು. ನಾನು ಒಲೆ ಊದುತ್ತ ಕೂತೆ. ಓದು ಎಂದು ಯಾರೂ ನನಗೆ ಒಂದು ದಿನವೂ ಬಲವಂತ ಮಾಡಿದವರಲ್ಲ. ಬಿಡು ಎಂದೇ ಮಾಡಿದ್ದು.

ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರು ಕುರ್ಚಿಯಲ್ಲಿ ಕೂರುವುದಿಲ್ಲ, ಹೇಳುವುದೇನಿದ್ದರೂ ಮಗಳ ಕೈಲಿ ಹೇಳಿಸುತ್ತಾಳೆ. ಒಂಬತ್ತು ವರ್ಷ ಹಾಗೇ ನಡೆದುಕೊಂಡಿದ್ದೆ. ಆವತ್ತು ಕುರ್ಚಿ ಎಳೆದುಕೊಂಡು ನಿಮ್ಮಪ್ಪನ ಮುಂದೆಯೇ ಕೂತೆ.

“ಮಂಗಳವಾರ, ಗುರುವಾರ ನಾನು ಮನೇಲಿರಕಿಲ್ಲ. ಮಗೀಗೆ ಬೇರೆ ಏನಾರ ದಾರಿ ನೋಡ್ಕಳಿ. ನನ್ನ ಓದು ಬಲವಂತದ್ದು ಅಂತ ಇನ್ನೊಂದ್ಸಲ ಅನ್ಬ್ಯಾಡಿ.”

“ಅಮ್ಮಾ, ಏನಿದು, ಅವರ ಹತ್ರ...”

“ನಿಂಗೂ ಸೇರಿಸೇ ಹೇಳ್ತಿರೋದು ಕಣೆ. ಇನ್ನೊಂದು ಇಮೇಲು ಹಾಕು. ಈಗ್ಲೇ.”

ಅವಳು ಮುಖ ಊದಿಸಿಕೊಂಡು ಫೋನಿನಲ್ಲಿ ಬರೆದಳು. ನಾನು ಫೋನನ್ನು ಅವಳ ಕೈಯಿಂದ ತೆಗೆದುಕೊಂಡು ಇಂಗ್ಲಿಷಿನ ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದೆ. ನನ್ನ ತಾಯಿ ಬರುತ್ತಾರೆ ಎಂದಿತ್ತು. ಓದಿ ಮುಗಿಯುವವರೆಗೂ ಕಳಿಸಲು ಬಿಡಲಿಲ್ಲ.