ಪದ ಕಲಿಸಿದವಳ ಹೆಸರು

ಚನ್ನಪಟ್ಟಣದ ಕಾಲೇಜಿನಲ್ಲಿ ನನಗೆ ಅಂಕಗಳಿಗಿಂತ ದನಿಗಳು ಜಾಸ್ತಿ ಇದ್ದವು. ಸಾತನೂರು ಬಸ್ಸಿನ ಕಂಡಕ್ಟರ್, ಪ್ರಿನ್ಸಿಪಾಲರ ಕೆಮ್ಮು, ಹುಡುಗಿಯರ ಮುಂದೆ ತೊದಲುವ ನಾನೇ, ಯಾರನ್ನೂ ಅಣಕಿಸದೆ ಬಿಡುತ್ತಿರಲಿಲ್ಲ. ಒಂದು ದಿನ ಹೊಂಗನೂರಿನ ನಮ್ಮ ದೊಡ್ಡವ್ವ ಸೋಬಾನೆ ಹೇಳುವುದನ್ನು ಗೆಳೆಯರಿಗೆ ಮಾಡಿ ತೋರಿಸುತ್ತಿದ್ದೆ. ಕಿಟಕಿಯಾಚೆ ಕೇಳಿಸಿಕೊಂಡ ಕನ್ನಡ ಮೇಷ್ಟ್ರು ಒಳಗೆ ಬಂದರು. ಬೈಯಲಿಲ್ಲ. ಹಳ್ಳಿ ಹಳ್ಳಿ ತಿರುಗಿ ಹಾಡು ರೆಕಾರ್ಡ್ ಮಾಡುವ ಹುಚ್ಚು ಅವರಿಗೆ. ಇದರ ಅಸಲು ಎಲ್ಲಿದೆಯೋ ಅಲ್ಲಿಗೆ ಕರೆದುಕೊಂಡು ಹೋಗು ಅಂದರು. ನಕಲಿಯಾದ ನನ್ನ ಎದೆ ಉಬ್ಬಿತು.

ದೊಡ್ಡವ್ವ ಮೊದಲು ಒಪ್ಪಲಿಲ್ಲ. ಚಂದ್ರಿಕೆಯ ಬಿದಿರುತಟ್ಟೆಯಿಂದ ರೇಷ್ಮೆಗೂಡು ಬಿಡಿಸುತ್ತಾ, ಮದುವೆ ಇಲ್ಲದ ಮನೆಯಲ್ಲಿ ಸೋಬಾನೆ ಎಂಥದ್ದು ಅಂದಳು. ಆಮೇಲೆ ಕೈ ನಿಲ್ಲಿಸಿದಳು. ಪದ ಎತ್ತುವ ಮುಂಚೆ ಕಲಿಸಿದವರ ಹೆಸರು ಹೇಳಿ ನೆನೆಯುವುದು ಸೋಬಾನೆ ಹೇಳುವವರ ರೂಢಿ. ಅದೂ ಈ ಪೆಟ್ಟಿಗೆಯೊಳಕ್ಕೆ ಹೋಗುತ್ತದಾ ಎಂದು ಮೇಷ್ಟ್ರ ರೆಕಾರ್ಡರ್ ತೋರಿಸಿ ಕೇಳಿದಳು. ಅವಳಿಗೆ ಕಲಿಸಿದ್ದು ಅವಳ ಅವ್ವ. ಒಂದು ಫೋಟೋ ಕೂಡ ಇಲ್ಲದೆ ಹೋದವಳು.

"ನಮ್ಮವ್ವನ ಹೆಸ್ರು ಉಳಿಯಂಗಿದ್ರೆ ಹೇಳ್ತೀನಿ. ಇಲ್ದಿದ್ರೆ ಬ್ಯಾಡ."

ಮೇಷ್ಟ್ರು ಎದೆಯ ಮೇಲೆ ಕೈಯಿಟ್ಟು, ಉಳಿಯುತ್ತದೆ ತಾಯಿ ಅಂದರು. ನಾನೂ ಬಸವನಂತೆ ತಲೆಯಾಡಿಸಿದೆ.

ಕ್ಯಾಸೆಟ್ಟಿನಲ್ಲಿ ಜಾಗ ಒಸಿಯೇ ಉಳಿದಿತ್ತು. ಗುಂಡಿ ಒತ್ತುವ ಕೆಲಸ ನನ್ನದು. ದೊಡ್ಡವ್ವ ಸೆರಗು ಹೊದ್ದು, ಕಣ್ಣು ಮುಚ್ಚಿ, ಅವ್ವನನ್ನು ನೆನೆಯತೊಡಗಿದಳು. ಮೇಷ್ಟ್ರು ನನ್ನತ್ತ ಬೆರಳು ಅಲ್ಲಾಡಿಸಿದರು, ಈಗಲೇ ಬೇಡ ಎಂದು. ಹಾಡು ಶುರುವಾದ ಮೇಲೆ ಸನ್ನೆ ಮಾಡಿದರು. ಆಗ ಒತ್ತಿದೆ. ಮುಗಿದ ಮೇಲೆ ದೊಡ್ಡವ್ವ ಕೇಳಿಸು ಅಂದಾಗ, ಬ್ಯಾಟರಿ ಕೂತುಹೋಗಿದೆ, ಕಾಪಿ ಕಳಿಸುತ್ತೇನೆ ಅಂದರು ಮೇಷ್ಟ್ರು.

ಬಸ್ಸಿನಲ್ಲಿ ನಾನು ಹೆಸರಿನ ಮಾತೆತ್ತಿದೆ. ಬರುವ ವಾರ ಹೊಸ ಕ್ಯಾಸೆಟ್ ತಂದು ದೊಡ್ಡಮ್ಮನ ಬಾಯಲ್ಲೇ ಹೇಳಿಸೋಣ ಅಂದರು. ಮರುದಿನ ತಮ್ಮ ಕೋಣೆಗೆ ಕರೆದು, ಅವ್ವನನ್ನು ನೆನೆಯುವ ಆ ಎರಡು ಸಾಲು ಸದ್ಯಕ್ಕೆ ನೀನೇ ಹೇಳಿಡು, ಬರೀ ಗುರುತಿಗೆ ಅಂದರು. ದೊಡ್ಡವ್ವನ ದನಿಯಲ್ಲೇ ಹೇಳಿದೆ. ಮೇಷ್ಟ್ರು ಬೆನ್ನು ತಟ್ಟಿದರು.

"ನಿಮ್ಮ ದೊಡ್ಡಮ್ಮನಿಗಿಂತ ನೀನೇ ವಾಸಿ ಕಣಯ್ಯಾ."

ಹಲ್ಲು ಕಿರಿದೆ. ಎಲ್ಲರನ್ನೂ ಆಡಿಸುವವನನ್ನು ಆಡಿಸುವುದು ಎಷ್ಟು ಸಲೀಸು ನೋಡಿ.

ಬರುವ ವಾರ ಬರಲೇ ಇಲ್ಲ. ಕೇಳಿದಾಗಲೆಲ್ಲ ಮೇಷ್ಟ್ರಿಗೆ ಪರೀಕ್ಷೆ, ನೆಂಟರ ಮದುವೆ, ಸೊಂಟನೋವು. ಕೊನೆಗೆ ಒಂದು ಕ್ಯಾಸೆಟ್ ಕೈಗಿತ್ತರು. ಚೀಟಿಯಲ್ಲಿ ಸಂಗ್ರಹ ಅವರದು; ಹಾಡಿದವರು 'ಗ್ರಾಮೀಣ ಮಹಿಳೆ'.

ಪಕ್ಕದ ಮನೆಯ ಟೇಪ್ ರೆಕಾರ್ಡರ್ ಸುತ್ತ ಹೆಂಗಸರೆಲ್ಲ ಕೂತರು. ಮೊದಲು ಬಂದದ್ದು ಅವ್ವನ ಹೆಸರು. ದೊಡ್ಡವ್ವನ ಮುಖ ಅರಳಿತು. ಅದು ನಾನು ಹೇಳಿದ್ದು. ಗುರುತಿಗೆ ಅಂದಿದ್ದನ್ನೇ ಮೇಷ್ಟ್ರು ಹಾಡಿಗೆ ಅಂಟಿಸಿದ್ದರು. ಬೇರೆ ಯಾರಿಗೂ ಗೊತ್ತಾಗಲಿಲ್ಲ. ಒಬ್ಬಳಂತೂ, ಎಂಥಾ ಕಂಠ ಕಣಕ್ಕ ನಿಂದು ಅಂದಳು. ದೊಡ್ಡವ್ವ ಇನ್ನೊಂದು ಸಲ ಹಾಕಿಸಿದಳು. ಮತ್ತೊಂದು ಸಲ. ಆಮೇಲೆ ನನ್ನ ಕಡೆ ತಿರುಗಿದಳು.

"ಅವ್ವನ ಹೆಸ್ರು ಬಂದಾಗ ನಂಗೆ ಉಸ್ರು ಕಟ್ತದೆ ಕಣ್ಲಾ. ಪೆಟ್ಟಿಗೇಲಿರೋ ಇವಳಿಗೆ ಕಟ್ಟನೇ ಇಲ್ಲ. ನೀನಲ್ವಾ ಇದು?"

ಮೇಷ್ಟ್ರು ಮೋಸ ಮಾಡಿದರು ಎಂದು ಶುರು ಮಾಡಿದೆ. ಅದು ನಿಜವೇ. ಆದರೆ ಮೇಷ್ಟ್ರು ಅವಳಿಗೆ ಯಾರು? ಅವಳು ನಂಬಿದ್ದು ನನ್ನನ್ನು.

ಗೆಳೆಯನ ರೆಕಾರ್ಡರ್ ಬೇಡಿ ತಂದು, ಇನ್ನೊಂದು ಸಲ ಹೇಳು, ಈ ಸಲ ಮೊದಲಿನಿಂದ ಒತ್ತುತ್ತೇನೆ ಎಂದು ಗೋಗರೆದೆ. ಊಟಕ್ಕಿಟ್ಟಳು, ಮುದ್ದೆ ಮೇಲೆ ಸಾರು ಬಿಟ್ಟಳು, ಬಾಯಿ ಮಾತ್ರ ಬಿಡಲಿಲ್ಲ.

ಆ ವರ್ಷವೇ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಹಸೆಯ ಮುಂದೆ ಕೂತ ದೊಡ್ಡವ್ವ ಕಣ್ಣು ಮುಚ್ಚಿ ಪದ ಎತ್ತಲು ಹೋದವಳು ಕಣ್ಣು ಬಿಟ್ಟು ಸುತ್ತ ನೋಡಿದಳು. ಕಂಬದ ಪಕ್ಕ ರೆಕಾರ್ಡರ್ ಇಲ್ಲದೆ ಬರಿಗೈಯಲ್ಲಿ ನಿಂತಿದ್ದ ನನ್ನನ್ನು ಕಂಡಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಅವ್ವನ ಹೆಸರನ್ನು ತುಟಿಯೊಳಗೇ ಹೇಳಿಕೊಂಡಳು. ಆಮೇಲೆ ಸೆರಗು ಇಳಿಸಿ, ಚಪ್ಪರಕ್ಕೆಲ್ಲ ಕೇಳುವಂತೆ ಹಾಡಿದಳು.