ಗೋಡೆಬೀರುವಿನೊಳಗಿನ ನಟ

ಎರಡನೆಯ ರಜಾಯಿ ಗೋಡೆಬೀರುವಿನೊಳಗೆ ಹಿಡಿಸುತ್ತಿಲ್ಲ. ಡೆರಿಕ್ ಥಾರ್ನ್‌ಬಿ ಅದನ್ನು ಮೊಣಕಾಲಿನಿಂದ ಒತ್ತುತ್ತಾರೆ, ಮೂಲೆಗೆರಡು ದಿಂಬು ತುರುಕುತ್ತಾರೆ, ಆಮೇಲೆ ಬಗ್ಗಿ ತಾವೂ ಒಳಗೆ ಹೋಗಿ ಕೂರುತ್ತಾರೆ. ಜೂನ್ ತಿಂಗಳ ಬೆಳಗಿನ ನಾಲ್ಕೂಕಾಲು. ಜಪಾನಿನ ಎಡೋಗಾವಾದ ಈ ಮೂರನೆಯ ಮಹಡಿಯ ಕಿಟಕಿಗೆದುರಾಗಿಯೇ ರೈಲಿನ ಮೇಲ್ಸೇತುವೆ. ಮೊದಲ ರೈಲು ಬರಲು ಇನ್ನು ಮುಕ್ಕಾಲು ಗಂಟೆ. ಅಷ್ಟರೊಳಗೆ ಎಪ್ಪತ್ತನಾಲ್ಕು ವರ್ಷದ ಈ ಇಂಗ್ಲಿಷ್ ನಟ ಎರಡು ಪುಟ ಓದಿ ಮುಗಿಸಬೇಕು.

ಬೀರುವಿನ ಹೊರಗೆ ಮಾಸ್ಕ್ ಹಾಕಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಪೆನ್ಸಿಲ್ ಹಿಡಿದು ಕೂತವರು ಪಕ್ಕದ ಮನೆಯ ನಮ್ರತಾ. ಮೈಸೂರಿನವರು.

"ಅಂಕಲ್, ಲೈಬ್ರರಿ ಒಂಬತ್ತಕ್ಕೆ ಓಪನ್ ಆಗುತ್ತೆ ಅನ್ನೋದನ್ನ ಇಷ್ಟು ಖುಷಿಯಾಗಿ ಹೇಳ್ಬೇಡಿ. ಮಕ್ಕಳಿಗೆ ಆನ್ಸರ್ ಗೊತ್ತಾಗ್ಬಿಡುತ್ತೆ."

"ಖುಷಿ ಅಲ್ಲ ನಮ್ರತಾ ಸಾನ್, ನನ್ನ ಮುಖಾನೇ ಹಾಗಿರೋದು."

"ಮುಖ ಬಾಗಿಲ ಹಿಂದಿದೆ. ನನಗೆ ಕೇಳ್ತಿರೋದು ವಾಯ್ಸು."

ಜಪಾನಿನ ಶಾಲಾಮಕ್ಕಳು ಇಂಗ್ಲಿಷ್ ಪಾಠದಲ್ಲಿ, ಪರೀಕ್ಷೆಯಲ್ಲಿ ಕಿವಿಗೊಟ್ಟು ಕೇಳಿ ಉತ್ತರ ಬರೆಯುವ ಮಾತುಗಳಿರುತ್ತವಲ್ಲ, ಅವನ್ನು ಓದಿ ಧ್ವನಿಮುದ್ರಿಸುವುದು ಡೆರಿಕ್ ಅವರ ಕೆಲಸ. ಮೂವತ್ತು ವರ್ಷ ಸ್ಟುಡಿಯೊದಲ್ಲಿ ಓದಿದರು. ಕೊರೊನಾ ಬಂದು ಸ್ಟುಡಿಯೊ ಮುಚ್ಚಿದ ಮೇಲೆ ಬೀರುವಿನಲ್ಲಿ. ದಿನಕ್ಕೆ ನಲವತ್ತು ವಾಕ್ಯ, ಒಂದೊಂದೂ ಮೂರು ಸಲ. ಹಾಳೆಯಲ್ಲಿ ಅವರ ಪಾತ್ರದ ಹೆಸರು ಯಾವಾಗಲೂ 'ಗಂಡಸು' ಎಂದಷ್ಟೇ. ದನಿಯಲ್ಲಿ ಸಂತೋಷ, ಸಿಟ್ಟು, ಅನುಮಾನ ಯಾವುದೂ ಇಣುಕಬಾರದು.

"ಹದಿನೇಳನೇ ವಯಸ್ಸಿಂದ ಮಾತಿಗೆ ಜೀವ ತುಂಬೋದು ಕಲಿತೆ. ಇಲ್ಲಿಗೆ ಬಂದು ಅದನ್ನ ಸೋಸಿ ತೆಗೆಯೋದು ಕಲಿತೆ. ಎರಡನೇದೇ ಕಷ್ಟ" ಎನ್ನುತ್ತಾರೆ. ಅವರು ಆಡುವುದು ಇಂಗ್ಲಿಷ್. ಅವರ ಬಗ್ಗೆ ಬರೆಯಲು ಬಂದಿರುವ ನನ್ನ ರಾತ್ರಿ ಶಾಲೆಯ ಇಂಗ್ಲಿಷಿಗೆ ದಕ್ಕದ್ದನ್ನು ನಮ್ರತಾ ಕನ್ನಡದಲ್ಲಿ ಹೇಳುತ್ತಾರೆ.

ಡೆರಿಕ್ ಹುಟ್ಟಿದ್ದು ಇಂಗ್ಲೆಂಡಿನ ಒಂದು ಮೀನುಬಂದರಿನಲ್ಲಿ. ಅಪ್ಪ ಮೀನಿನ ಪೆಟ್ಟಿಗೆ ಹೊರುತ್ತಿದ್ದವರು. ಊರಿಗೆ ಬಂದ ನಾಟಕ ತಂಡದ ಪರದೆ ಹೊತ್ತುಕೊಂಡು ಇವರು ಅದರ ಜೊತೆಗೇ ಹೊರಟುಬಿಟ್ಟರು. ರಂಗದ ಮೇಲೆ ಬಾಗಿಲು ತೆರೆಯುವ ಆಳು, ಸುದ್ದಿ ತರುವ ದೂತ. ಹನ್ನೊಂದು ಸಿನಿಮಾದಲ್ಲಿ ನಟಿಸಿದ್ದಾರೆ. ನಾಲ್ಕರಲ್ಲಿ ಅವರ ದೃಶ್ಯವನ್ನೇ ಕತ್ತರಿಸಿದ್ದಾರೆ. ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ ತಂಡ ಜಪಾನಿಗೆ ಬಂದಾಗ ಉಡುಪು ಹೊಲಿಯಲು ಬಂದ ಸೆತ್ಸುಕೊ ಅವರನ್ನು ಮದುವೆಯಾಗಿ ಇಲ್ಲಿಯೇ ಉಳಿದರು. ಟಿವಿ ಧಾರಾವಾಹಿಗಳಲ್ಲಿ ಹಡಗಿನಿಂದಿಳಿಯುವ ಬಿಳಿಯ ವರ್ತಕನ ಪಾತ್ರ ಸಿಗತೊಡಗಿತು.

"ಮೊದಲನೇ ಕಂತಲ್ಲೇ ಸಾಯ್ತಿದ್ದೆ. ಸಾಯೋದ್ರಲ್ಲಿ ನನಗೆ ಒಳ್ಳೇ ಹೆಸರಿತ್ತು."

ಸೆತ್ಸುಕೊ ತೀರಿಕೊಂಡು ಐದು ವರ್ಷವಾಗಿದೆ. ಮಕ್ಕಳಿಲ್ಲ. ಹೋದ ವರ್ಷ ಇಂಗ್ಲೆಂಡಿನ ವೃದ್ಧ ನಟರ ಆಶ್ರಮವೊಂದು ಅವರಿಗೆ ಕೋಣೆ ಕೊಡುವುದಾಗಿ ಬರೆದಿತ್ತು. ತೋಟದ ಕಡೆ ಕಿಟಕಿ, ಊಟ, ದಾದಿ, ಸಂಜೆ ಹರಟೆಗೆ ಹಳೆಯ ನಟರು. ಜೊತೆಗೊಂದು ಅರ್ಜಿ. ಅದರಲ್ಲಿ 'ಕೊನೆಯದಾಗಿ ಕೆಲಸ ಮಾಡಿದ ದಿನ' ಎಂಬ ಕಡೆ ಅವರ ಪೆನ್ನು ನಿಂತಿದೆ. ಆಶ್ರಮ ಎರಡು ಸಲ ಗಡುವು ಮುಂದೂಡಿದೆ. ಉತ್ತರ ಹೋಗಿಲ್ಲ.

ಜನವರಿಯಲ್ಲಿ ಸೋಂಕು ತಗುಲಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬಂದಮೇಲೆ ಉಸಿರು ಮೊದಲಿನಂತಿಲ್ಲ. ವಾಕ್ಯದ ನಡುವೆ ಉಸಿರೆಳೆಯುವುದು ಕೇಳಿಸುತ್ತದೆಂದು ಪ್ರಕಾಶನದವರು ಹಿಂದಿನ ಧ್ವನಿಮುದ್ರಣ ವಾಪಸು ಕಳಿಸಿದ್ದಾರೆ. ಹೊಸ ಪಠ್ಯಪುಸ್ತಕಕ್ಕೆ ಈ ಬೆಳಗಿನ ಓದೇ ಕೊನೆಯ ಮಾದರಿ. ಒಪ್ಪಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಆ ಕೋಣೆ. ಕೆಲಸವಿಲ್ಲದೆ ಈ ಊರಿನಲ್ಲಿ ಒಬ್ಬನೇ ಇರಲಾರೆ ಎಂದು ಅವರೇ ಹೇಳಿದ್ದಾರೆ.

ಬೀರುವಿನಿಂದ ಉದ್ದದ ವಾಕ್ಯವೊಂದು ಹೊರಡುತ್ತದೆ. ಒಂದು ಸಲ, ನಾಲ್ಕು ಸಲ, ಒಂಬತ್ತು ಸಲ.

"ಉಸಿರು ಕೇಳ್ತಾ?"

ನಮ್ರತಾ ಹಾಳೆಯಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕುತ್ತಾರೆ. "ಕೇಳ್ತು, ಅಂಕಲ್. ಹನ್ನೆರಡನೇ ಪದ ಆದ್ಮೇಲೆ."

"ನಿನಗಿರೋದು ನಾಯಿ ಕಿವಿ."

"ಅವರಿಗೂ ಇರುತ್ತೆ. ಸುಳ್ಳು ಹೇಳಿ ನಿಮ್ಮನ್ನ ನಗೆಪಾಟಲು ಮಾಡ್ಲಾ?"

ಬಾಗಿಲು ಸರಿಯುತ್ತದೆ. ಬೆವೆತ ಮುಖ ಹೊರಬರುತ್ತದೆ. "ಇದನ್ನೇ ಕಳಿಸು. ನನ್ನ ಹತ್ರ ಇರೋ ಉಸಿರು ಇಷ್ಟೇ."

ನಾಲ್ಕು ದಿನದ ನಂತರ ಪ್ರಕಾಶನದ ಓಗಿವಾರಾ ಸಾನ್ ಫೋನ್ ಮಾಡುತ್ತಾರೆ. ಮೊದಲು ಎರಡು ಸಲ ಸುಮಿಮಾಸೆನ್, ಕ್ಷಮಿಸಿ. 'ಗಂಡಸು' ಪಾತ್ರ ಓದುವವನು ಇನ್ನುಮುಂದೆ ಯೊಕೊಹಾಮಾದ ಒಬ್ಬ ಯುವಕ. ಆದರೆ ಏಳನೆಯ ಪಾಠದಲ್ಲಿ ಒಬ್ಬ ಅಜ್ಜ ಇದ್ದಾನೆ, ಮೊಮ್ಮಗಳಿಗೆ ದಾರಿ ಹೇಳುತ್ತಾನೆ. ಅಲ್ಲಿ ಉಸಿರು ಕೇಳಿಸಲಿ, ತೆಗೆಯಬೇಡಿ. ಪ್ರತಿ ತರಗತಿಯ ಪುಸ್ತಕದಲ್ಲೂ ಅಜ್ಜ ಬರುತ್ತಾನೆ.

ನಮ್ರತಾ ಸ್ಪೀಕರಿನ ದನಿ ತಗ್ಗಿಸಲು ಹೋಗುತ್ತಾರೆ, ಡೆರಿಕ್ ಕೈ ಅಡ್ಡ ಹಿಡಿಯುತ್ತಾರೆ.

"ಅಜ್ಜನಿಗೆ ಎಷ್ಟು ಮಾತಿದೆ?"

"ಹದಿನಾಲ್ಕು."

"ಸಿನಿಮಾದಲ್ಲೂ ನನಗೆ ಅಷ್ಟು ಯಾರೂ ಕೊಟ್ಟಿರಲಿಲ್ಲ" ಎಂದು ಒಪ್ಪಿಕೊಳ್ಳುತ್ತಾರೆ.

ಅಂದೇ ಮಧ್ಯಾಹ್ನ ಮೇಜಿನ ಮುಂದೆ ಕೂತು ಆಶ್ರಮಕ್ಕೆ ಬರೆಯುತ್ತಾರೆ. "ಇಮೇಲ್ ಮಾಡಿ ಅಂಕಲ್, ಟೂ ಮಿನಿಟ್ಸ್" ಎಂದು ನಮ್ರತಾ ರೇಗಿಸಿದರೆ, "ಬರ್ತೀನಿ ಅನ್ನೋಕೆ ಅದು ಸಾಕಿತ್ತು. ಬರಲ್ಲ ಅನ್ನೋದನ್ನ ಕೈಯಲ್ಲೇ ಬರೀಬೇಕು" ಎನ್ನುತ್ತಾರೆ. ಅರ್ಜಿಯ ಆ ಜಾಗವನ್ನು ಖಾಲಿ ಬಿಟ್ಟು, ಕೋಣೆಯನ್ನು ಕೆಲಸ ಮುಗಿಸಿದವರಿಗೆ ಕೊಡಿ ಎಂದು ಕೆಳಗೆ ಬರೆದು ಸಹಿ ಮಾಡುತ್ತಾರೆ.

ಅಂಚೆ ಕಚೇರಿಯಲ್ಲಿ ಪ್ಲಾಸ್ಟಿಕ್ ಪರದೆಯ ಆಚೆ ಹುಡುಗಿಯೊಬ್ಬಳು ಲಕೋಟೆ ತೂಗುತ್ತಾಳೆ. ವಿಮಾನಗಳು ಕಡಿಮೆ, ತಲುಪುವುದು ತಡವಾಗಬಹುದು ಎನ್ನುತ್ತಾಳೆ. ಪರವಾಗಿಲ್ಲ ಎಂದು ಇವರು ತಲೆಯಾಡಿಸುತ್ತಾರೆ. ಒಳಗೇನಿದೆ ಎಂದು ಕೇಳುವುದು ಅವಳ ನಿಯಮ, ಕೇಳುತ್ತಾಳೆ.

ಡೆರಿಕ್ ಬೆನ್ನು ನೆಟ್ಟಗೆ ಮಾಡಿ, ನಾಟಕದ ಕೊನೆಯ ಸಾಲಿನವರಿಗೂ ಕೇಳುವ ಹಾಗೆ, ಜಪಾನಿಯಲ್ಲಿ ಹೇಳುತ್ತಾರೆ: "ಕೆಲಸದ ಕಾಗದ."

ಅವಳು ಮುದ್ರೆ ಒತ್ತುತ್ತಾಳೆ.